ಬಲಗಡೆ ಬಿದ್ದ ಹೂವು, ಬಾಗಿಲಿಗೆ ಬಂದ ಕರೆಂಟು ಕಾರು

ನಮ್ಮ ಮನೆಗೆ ಕರೆಂಟು ಕಾರು ಹೇಗೆ ಬಂತು ಅಂತ ಹಾಸನದಲ್ಲಿ ಯಾರಾದರೂ ಕೇಳಿದರೆ ಎರಡು ಉತ್ತರ ಸಿಗುತ್ತವೆ. ನಮ್ಮ ಮನೆಯವರನ್ನು ಕೇಳಿದರೆ ಅದು ಪೂರ್ತಾ ವೈಜ್ಞಾನಿಕ ತೀರ್ಮಾನ. ನಮ್ಮ ಅತ್ತೆಯನ್ನು ಕೇಳಿದರೆ ಮನೆದೇವರು ಬಲಗಡೆ ಹೂವು ಕೊಟ್ಟಳು, ಅದಕ್ಕೇ ಬಂತು. ನನ್ನನ್ನು ಯಾರೂ ಕೇಳಿಲ್ಲ. ಕೇಳದೆ ಇದ್ದದ್ದೂ ದೇವರು ಮಾಡಿದ ಒಂದು ಸಣ್ಣ ಉಪಕಾರ ಅಂತಲೇ ಲೆಕ್ಕಕ್ಕೆ ಹಿಡಿದಿದ್ದೇನೆ. ಕೇಳಿದ್ದರೆ ಒಂದೋ ಸುಳ್ಳು ಹೇಳಬೇಕಿತ್ತು, ಇಲ್ಲವೋ ಮನೆಯಲ್ಲಿ ಎರಡು ದಿನ ಮಾತು ನಿಲ್ಲುತ್ತಿತ್ತು.

ಹಳೆಯದು ಪೆಟ್ರೋಲ್ ಕಾರು. ಕೊಂಡಾಗ ಬೆಳ್ಳಿ ಬಣ್ಣ ಅಂದಿದ್ದರು, ಹೋಗುವಾಗ ಒಲೆಯ ಬೂದಿ ಬಣ್ಣಕ್ಕೆ ಬಂದಿತ್ತು. ಅದನ್ನು ಓಡಿಸುವುದಕ್ಕೆ ನಾನು ಕಲಿತಾಗ ನನಗೆ ನಲವತ್ತೊಂಬತ್ತು. ಆ ಉಪಕಾರ ನಮ್ಮ ಮನೆಯವರ ಎಡಭುಜದ್ದು. ಆಗಿನ್ನೂ ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದರು. ಭುಜ ಹಿಡಿದುಕೊಂಡು ಗೇರು ಹಾಕಲಾಗದೆ ಕೂತಾಗ ಅವರನ್ನು ಸ್ಕೂಲಿಗೆ ಬಿಡಲು ಒಬ್ಬರು ಬೇಕಾಯಿತು. ಮನೆಯಲ್ಲಿ ಪುಕ್ಕಟೆ ಸಿಕ್ಕಿದ್ದು ನಾನು. ಪಕ್ಕದಲ್ಲಿ ಕೂತು ಅವರು ಬೈದ ಬೈಗುಳದಲ್ಲಿ ಅರ್ಧ ಮಾತ್ರ ನನಗೆ, ಉಳಿದರ್ಧ ಭುಜಕ್ಕೆ ಅಂದುಕೊಂಡು ಕಲಿತುಬಿಟ್ಟೆ. ಆ ಕಲಿಕೆಯಲ್ಲಿ ಕಾರಿನ ಎಡಗಡೆ ಮೈಯೆಲ್ಲ ನಮ್ಮ ಗೇಟಿನ ಕಂಬಕ್ಕೆ ಉಜ್ಜಿತು. ಭುಜ ವಾಸಿಯಾದ ಮೇಲೆ ಅವರು ಕಾರನ್ನು ಒಂದು ಸುತ್ತು ಹಾಕಿ ನೋಡಿ, ಆಗಬೇಕಾದ್ದೆಲ್ಲ ಆಗಿಹೋಗಿದೆ, ಇನ್ನು ನೀನೇ ಇಟ್ಟುಕೋ ಅನ್ನೋ ಥರ ಕೀಲಿಯನ್ನು ಫ್ರಿಜ್ಜಿನ ಮೇಲೆ ಇಟ್ಟರು. ನಮ್ಮ ಮನೆಗಳಲ್ಲಿ ಹೊಸ ಪಾತ್ರೆ ಬೀರುವಿಗೆ, ಸೊಟ್ಟಾದದ್ದು ಅಡುಗೆಮನೆಗೆ. ಕಾರು ನನಗೆ ಬಂದದ್ದೂ ಆ ನ್ಯಾಯದಲ್ಲೇ. ನಾನು ಬೇಡ ಅನ್ನಲಿಲ್ಲ.

ಕಾರು ನನ್ನ ಕೈಗೆ ಬಂದ ಮಾರನೇ ವರ್ಷ ಹೊಳೆನರಸೀಪುರದಲ್ಲಿದ್ದ ನಮ್ಮಕ್ಕನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು, ಮುಖದ ಎಡಭಾಗ. ಮಗ ಸೊಸೆ ಒಳ್ಳೆಯವರೇ, ಆದರೆ ಇಬ್ಬರೂ ಕೆಲಸಕ್ಕೆ ಹೋಗುವವರು. ಕಾಲಿನ ವ್ಯಾಯಾಮ ಮಾಡಿಸಲು ವಾರಕ್ಕೆ ಮೂರು ದಿನ ಅಕ್ಕನನ್ನು ಕರೆದುಕೊಂಡು ಹೋಗಬೇಕು. ಎರಡು ದಿನ ಅವರದು, ಗುರುವಾರ ನನ್ನದು ಅಂತ ಒಪ್ಪಂದವಾಯಿತು. ಗುರುವಾರ ಬೆಳಗ್ಗೆ ದೇವರ ದೀಪ ಹಚ್ಚಿ, ತಿಂಡಿ ಮಾಡಿಟ್ಟು, ಒಂದು ಡಬ್ಬಿಯಲ್ಲಿ ಅಕ್ಕನಿಗೆ ಇಷ್ಟದ ಅವರೆಕಾಳು ಉಪ್ಪಿಟ್ಟನ್ನೋ ಒತ್ತುಶಾವಿಗೆಯನ್ನೋ ಹಾಕಿಕೊಂಡು ಹೊರಡುತ್ತಿದ್ದೆ. ವ್ಯಾಯಾಮ ಮುಗಿದ ಮೇಲೆ ನರಸಿಂಹಸ್ವಾಮಿ ಗುಡಿಯ ಮುಂದೆ ಕಾರು ನಿಲ್ಲಿಸಿದರೆ ಅಕ್ಕ ಕೂತಲ್ಲಿಂದಲೇ ಒಂದೇ ಕೈಯನ್ನು ಎದೆಗಿಟ್ಟು ನಮಸ್ಕಾರ ಮಾಡುತ್ತಿದ್ದಳು. ಆಮೇಲೆ ಹೊಳೆ ಕಾಣುವ ಕಡೆ ನಿಲ್ಲಿಸಿಕೊಂಡು ಇಬ್ಬರೂ ಡಬ್ಬಿ ಬಿಚ್ಚುತ್ತಿದ್ದೆವು. ಗಂಡಂದಿರನ್ನು, ಸೊಸೆಯರನ್ನು, ಸೀರೆಗಳನ್ನು ಆಡಿಕೊಳ್ಳುತ್ತಿದ್ದೆವು. ಅಷ್ಟೇ. ವಾರದಲ್ಲಿ ಆ ಒಂದು ಗಂಟೆ ನಾನು ಯಾರ ಹೆಂಡತಿಯೂ ಅಲ್ಲ, ಯಾರ ಸೊಸೆಯೂ ಅಲ್ಲ, ಬರೀ ಅಕ್ಕನ ತಂಗಿ.

ಒಂದೇ ತೊಂದರೆ, ನನ್ನ ಎಡಮಂಡಿ. ಕ್ಲಚ್ಚು ತುಳಿದು ತುಳಿದು ನೋವು ಶುರುವಾಗಿತ್ತು. ಮನೆಯಲ್ಲಿ ಹೇಳಲಿಲ್ಲ, ಹೇಳಿದ್ದರೆ ಮಂಡಿಗೆ ಎಣ್ಣೆ ಬರುತ್ತಿರಲಿಲ್ಲ, ಕೀಲಿ ಹೋಗುತ್ತಿತ್ತು. ಬರುವಾಗ ಮೊಸಳೆ ಅನ್ನುವ ಊರಿನ ಜೋಡಿ ಗುಡಿಯ ಹತ್ತಿರ ನಿಲ್ಲಿಸಿ, ಕಲ್ಲಿನ ಮೇಲೆ ಕಾಲು ನೀಡಿ ಹತ್ತು ನಿಮಿಷ ಕೂರುತ್ತಿದ್ದೆ. ನೋಡಿದವರು ಎಷ್ಟು ಭಕ್ತೆ ಅಂದುಕೊಂಡಿರಬೇಕು.

ಹೀಗಿರುವಾಗ ಕಾರಿಗೆ ಹದಿನೈದು ವರ್ಷ ತುಂಬುತ್ತಾ ಬಂತು. ಮತ್ತೆ ಓಡಿಸಬೇಕಾದರೆ ಆರ್‌ಟಿಓ ಆಫೀಸಿನಲ್ಲಿ ತೋರಿಸಿ, ರಿಪೇರಿ ಮಾಡಿಸಿ, ಸರ್ಟಿಫಿಕೇಟು ತರಬೇಕು. ನಮ್ಮ ಮನೆಯವರು ನಿವೃತ್ತರಾಗಿ ಮಾಡಲು ಕೆಲಸವಿಲ್ಲದೆ ಕೂತಿದ್ದವರು, ಇದನ್ನು ಕೈಗೆತ್ತಿಕೊಂಡರು. ಗೆರೆ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಎಳೆದರು. ಪೆಟ್ರೋಲು, ಕರೆಂಟು, ಹೈಬ್ರಿಡ್ಡು. ಹೈಬ್ರಿಡ್ಡು ಅಂದರೆ ಎರಡೂ ಸೇರಿದ್ದು, ಬೇಕಾದಾಗ ಪೆಟ್ರೋಲು ಕುಡಿಯುತ್ತೆ, ಉಳಿದಾಗ ಬ್ಯಾಟರಿ ಮೇಲೆ ಹೋಗುತ್ತೆ ಅಂತ ನನಗೆ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಹೇಳುವಂತೆ ಹೇಳಿಕೊಟ್ಟರು. ಮೋಟಾರು ಹೇಗೆ ತಿರುಗುತ್ತದೆ ಅನ್ನುವುದಕ್ಕೆ ನನ್ನ ಲಟ್ಟಣಿಗೆ ತೆಗೆದುಕೊಂಡು ತಿರುಗಿಸಿ ತೋರಿಸಿದರು. ಹೊಸ ಕಾರನ್ನು ಓಡಿಸುವವರು ಯಾರು ಅನ್ನುವ ಸಾಲು ಮಾತ್ರ ನೋಟ್‌ಬುಕ್ಕಿನಲ್ಲಿರಲಿಲ್ಲ. ಅದು ಪ್ರಶ್ನೆಯೇ ಅಲ್ಲ ಅಂತ ಅವರು ಅಂದುಕೊಂಡಿದ್ದರು. ನನಗೆ ಅದೊಂದೇ ಪ್ರಶ್ನೆಯಾಗಿತ್ತು.

ಸಲಹೆಗೆ ಬರವಿರಲಿಲ್ಲ. ನಮ್ಮ ನಾದಿನಿಯ ಗಂಡ ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ ಮಾಡುವವರು, ನಾನು ಅಣ್ಣ ಅನ್ನುತ್ತೇನೆ. ಅವರು ಹೈಬ್ರಿಡ್ಡಿನ ಪಕ್ಷ. ಒಂದು ಭಾನುವಾರ ಬಂದು, ಊಟ ಮಾಡಿ, ಅಡಿಕೆ ಮೆಲ್ಲುತ್ತಾ ನಮ್ಮ ಹಿತ್ತಲು ತೋರಿಸಿದರು. "ನೋಡಿ ಭಾವ, ಒಳಗೆ ಗ್ಯಾಸೂ ಐತೆ, ಹಿತ್ತಲಲ್ಲಿ ನೀರು ಕಾಯ್ಸಕ್ಕೆ ಸೌದೆ ಒಲೆನೂ ಐತೆ. ನಿಮ್ಮ ಮನೆನೇ ಹೈಬ್ರಿಡ್ಡು, ಕಾರಿಗೆ ಯಾಕೆ ಯೋಚ್ನೆ?"

ಅತ್ತೆ ಪೆಟ್ರೋಲಿನ ಪಕ್ಷ. ಅವರಿಗೆ ಎಂಬತ್ತು ದಾಟಿದೆ, ಕಿವಿ ಮಂದ, ಬಾಯಿ ಚುರುಕು. ಕರೆಂಟಿನ ಕಾರು ಅಂದರೆ ದಾರಿಯುದ್ದಕ್ಕೂ ತಂತಿ ಎಳೆದುಕೊಂಡು ಹೋಗಬೇಕು ಅಂತ ಅವರ ಎಣಿಕೆ. "ಅರಕಲಗೂಡು ದಾಟುದ್ಮೇಲೆ ಕರೆಂಟು ಓಯ್ತು ಅನ್ಕೊ. ಗಾಡಿ ಅಲ್ಲೇ ನಿಂತ್ಕತದೆ. ಯಾರ ಮನೆ ಜಗಲಿ ಮ್ಯಾಲೆ ಕುಂತ್ಕಳನ?" ನಮ್ಮ ಮನೆಯವರು ಬ್ಯಾಟರಿ ವಿಷಯ ವಿವರಿಸಿದರು. ಅತ್ತೆ ಪೂರ್ತಿ ಕೇಳಿ, "ಅಂಗಾರೆ ಬ್ಯಾಟ್ರಿಗೆ ಏನಾಕ್ತಿಯ?" ಅಂದರು. ಕರೆಂಟು ಅಂದರು ಇವರು. ಅತ್ತೆ ನನ್ನ ಕಡೆ ನೋಡಿದರು, ಮೂವತ್ತು ವರ್ಷದಲ್ಲಿ ನಮ್ಮಿಬ್ಬರದು ಒಂದೇ ಅಭಿಪ್ರಾಯ ಆದ ಕೆಲವೇ ಗಳಿಗೆಗಳಲ್ಲಿ ಅದೊಂದು.

ಷೋರೂಮಿಗೂ ಹೋಗಿ ಬಂದೆವು. ಅಲ್ಲಿನ ಹುಡುಗಿ ಬಲು ಮರ್ಯಾದಸ್ಥೆ. ಎಲ್ಲ ವಿವರವನ್ನೂ ಇವರಿಗೆ ಹೇಳಿ, ಕೊನೆಗೆ ಮೇಡಂಗೆ ಯಾವ ಕಲರ್ ಇಷ್ಟ ಅಂತ ನನ್ನನ್ನೂ ವಿಚಾರಿಸಿಕೊಂಡಳು. ಕರೆಂಟಿನ ಕಾರನ್ನು ಇವರು ರಿಂಗ್ ರೋಡಿನಲ್ಲಿ ಓಡಿಸಿ ನೋಡಿದರು, ನಾನು ಹಿಂದೆ ಕೂತಿದ್ದೆ. ಇಳಿಯುವಾಗ ಬಗ್ಗಿ ಮುಂದಿನ ಸೀಟಿನ ಕೆಳಗೆ ನೋಡಿದೆ. ತುಳಿಯಲು ಇದ್ದದ್ದು ಎರಡೇ, ಎರಡೂ ಬಲಗಾಲಿಗೆ. ಎಡಗಾಲಿಗೆ ಕೆಲಸವೇ ಇಲ್ಲ, ಸುಮ್ಮನೆ ಮಡಿಸಿಟ್ಟುಕೊಂಡು ಕೂರಬಹುದು. ಹೈಬ್ರಿಡ್ಡಿಗೂ ಹಾಗೇ ಅಂತ ಹುಡುಗಿ ಹೇಳಿದಳು. ಮಂಡಿಯೇ ಕಣ್ಣು ಬಿಟ್ಟು ನೋಡಿದ ಹಾಗಾಯಿತು.

ಮನೆಗೆ ಬರುವಾಗ ಕೇಳಿದೆ, "ಇದನ್ನ ನಾನೂ ಓಡಿಸಬಹುದು ಅಲ್ವಾ?"

"ಹೊಸ ಗಾಡಿ ಕಣೆ," ಅಂದರು. "ನಿನ್ನ ಕೈಗೆ ಕೊಟ್ಟರೆ ಹೊಸಲಿಗೆ ಅರಿಶಿನ ಹಚ್ಚಿದ ಹಾಗೆ ಗೇಟಿನ ಕಂಬಕ್ಕೆ ಬಣ್ಣ ಹಚ್ಕೊಂಡು ಬರ್ತೀಯ."

"ಗುರುವಾರ?"

"ಬಸ್ಸು ಫ್ರೀ ಇದೆಯಲ್ಲ ನಿಮಗೆ."

ಇದೆ, ನಿಜ. ಹೆಂಗಸರಿಗೆ ಬಸ್ಸು ಫ್ರೀ ಆದದ್ದನ್ನು ನಾನು ಸಣ್ಣ ಉಪಕಾರ ಅನ್ನುವುದಿಲ್ಲ, ದೊಡ್ಡದೇ. ಆದರೆ ಬಸ್ಸು ನನ್ನನ್ನು ಹೊಳೆನರಸೀಪುರದ ಸ್ಟ್ಯಾಂಡಿಗೆ ಬಿಡುತ್ತೆ, ಅಕ್ಕನನ್ನು ಅವಳ ಬಾಗಿಲಿಂದ ಎತ್ತಿಕೊಂಡು ಹೋಗುವುದಿಲ್ಲ. ಇದನ್ನು ಹೇಳಬೇಕು ಅಂದುಕೊಳ್ಳುವಷ್ಟರಲ್ಲಿ ಅವರು ಬ್ಯಾಟರಿಯ ಆಯಸ್ಸಿನ ವಿಷಯಕ್ಕೆ ಹೋಗಿದ್ದರು.

ತಿಂಗಳು ಕಳೆದರೂ ತೀರ್ಮಾನವಾಗಲಿಲ್ಲ. ಇವರ ಮನಸ್ಸು ಕರೆಂಟಿನ ಮೇಲೇ ಇತ್ತು, ಅದು ನನಗೆ ಗೊತ್ತಿತ್ತು. ಆದರೆ ದಾರಿಯಲ್ಲಿ ನಿಂತುಹೋದರೆ ಅಣ್ಣ ಏನಂದಾರು, ಅತ್ತೆ ಏನಂದಾರು ಅನ್ನುವ ಭಯ. ಸರಿಯಾದರೆ ಹೆಸರು ತಮಗೆ, ತಪ್ಪಾದರೆ ದೂರು ಹೊರಲು ಇನ್ನೊಬ್ಬರು ಬೇಕಾಗಿದ್ದರು. ಆಗ ಅತ್ತೆ ಅಂದರು, "ಊ ಕೇಳ್ಬುಡು ಮಗಾ."

ಹೂವು ಕೇಳುವುದು ಅಂದರೆ ನಮ್ಮಲ್ಲಿ ಹೊಸದಲ್ಲ. ಕೊಣನೂರಿನಿಂದ ಸ್ವಲ್ಪ ಒಳಗೆ ಹೋದರೆ ನಮ್ಮ ಮನೆದೇವರು ಅಮ್ಮನ ಗುಡಿ. ಹೆಣ್ಣು ತರುವುದು, ಬೋರು ಹೊಡೆಸುವುದು, ಮನೆ ಪಾಯ ತೆಗೆಯುವುದು, ಏನಿದ್ದರೂ ಅಲ್ಲಿ ಹೋಗಿ ಕೂರುವುದು. ಪೂಜಾರಿ ಅಮ್ಮನ ಎರಡೂ ಭುಜಕ್ಕೆ ಹೂವನ್ನು ನೀರಿನಲ್ಲಿ ಅದ್ದಿ ಅಂಟಿಸುತ್ತಾರೆ. ಕೇಳುವವರು ಮನಸ್ಸಿನಲ್ಲೇ ಕೇಳಿಕೊಳ್ಳಬೇಕು. ಬಲಗಡೆ ಹೂವು ಬಿದ್ದರೆ ಆಗಲಿ, ಎಡಗಡೆ ಬಿದ್ದರೆ ಬೇಡ. ಮನಸ್ಸಿನಲ್ಲಿ ಏನು ಕೇಳಿದೆ ಅನ್ನುವುದನ್ನು ಅದು ನೆರವೇರುವ ತನಕ ಬಾಯಿಬಿಡುವ ಹಾಗಿಲ್ಲ, ಇನ್ನೊಬ್ಬರು ಕೇಳುವ ಹಾಗೂ ಇಲ್ಲ.

ವಿಜ್ಞಾನದ ಮೇಷ್ಟರು ಒಪ್ಪುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ಹೆತ್ತ ತಾಯಿಯ ಸಮಾಧಾನಕ್ಕೆ ಅಂತ ಹೇಳಿಕೊಂಡು, ನೋಟ್‌ಬುಕ್ಕನ್ನೂ ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಅದಕ್ಕೆ ಹತ್ತು ದಿನದ ಹಿಂದೆ ಅವರ ಬಲಗಣ್ಣಿನ ಪೊರೆ ತೆಗೆಸಿದ್ದೆವು. ಕಪ್ಪು ಕನ್ನಡಕ ಹಾಕಿಕೊಂಡಿರಬೇಕು, ಗಾಡಿ ಓಡಿಸಬಾರದು ಅಂತ ಡಾಕ್ಟರು ಹೇಳಿದ್ದರು. ಹಾಗಾಗಿ ಹಳೆಯ ಪೆಟ್ರೋಲ್ ಕಾರಿನ ಭವಿಷ್ಯ ಕೇಳಲು ಹಳೆಯ ಪೆಟ್ರೋಲ್ ಕಾರಿನಲ್ಲೇ, ನಾನೇ ಓಡಿಸಿಕೊಂಡು ಹೋದೆ. ಹಿಂದಿನ ಸೀಟಿನಲ್ಲಿ ಅತ್ತೆ, ಅವರ ತೊಡೆಯ ಮೇಲೆ ಹಣ್ಣುಕಾಯಿ. ಇವರು ಪಕ್ಕದಲ್ಲಿ ಕೂತು, ಒಂದೇ ಕಣ್ಣಿನಲ್ಲಿ ರಸ್ತೆ ನೋಡುತ್ತಾ, ಇಲ್ಲದ ಬ್ರೇಕನ್ನು ಅರಕಲಗೂಡಿನ ತನಕ ತುಳಿದರು. ಅರಕಲಗೂಡಿನಲ್ಲಿ ಕಾಲು ನೋವು ಅಂತ ಇಳಿದು ಕಾಫಿ ಕುಡಿದರು.

ಗುಡಿಯಲ್ಲಿ ಜನ ಇರಲಿಲ್ಲ. ಇವರು ಪೂಜಾರಿಯ ಮುಂದೆ ನೋಟ್‌ಬುಕ್ಕು ಬಿಚ್ಚಿ ಮೂರು ಸಾಲನ್ನೂ ತೋರಿಸಿ, ಮೂರರಲ್ಲಿ ಯಾವುದು ಅಂತ ಅಪ್ಪಣೆ ಆಗಬೇಕು ಅಂದರು. ಪೂಜಾರಿ ನೋಟ್‌ಬುಕ್ಕನ್ನು ಮುಟ್ಟದೆ, ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದರು.

"ಅಮ್ಮುಂಗೆ ಕೈ ಎಂಟವೆ ಸಾ, ಆದ್ರೆ ಬುಜ ಎರಡೇಯ. ಊವಿಕ್ಕೋದು ಬುಜದ ಮ್ಯಾಲೆ. ಮೂರ್ನೇ ಗಾಡಿನ ಎಲ್ಲಿಕ್ಕಾವ?"

ಹೀಗೆ ಚನ್ನರಾಯಪಟ್ಟಣದ ಅಣ್ಣನ ಹೈಬ್ರಿಡ್ಡು ಗರ್ಭಗುಡಿಯ ಬಾಗಿಲಲ್ಲೇ ಬಿದ್ದುಹೋಯಿತು. ಉಳಿದದ್ದು ಎರಡು. ಇವರು ಒಂದು ಗಳಿಗೆ ಒಳಗೆ ನೋಡುತ್ತಾ ನಿಂತರು. ಮೊದಲು ಫ್ಯಾನು ಆರಿಸಿ, ಗಾಳಿಗೆ ಹೂವು ಅಲ್ಲಾಡುತ್ತೆ ಅಂದರು. ಆರಿಸಿದರು. ಆಮೇಲೆ, ದೀಪ ಅಮ್ಮನ ಬಲಗಡೆಗೆ ಹತ್ತಿರ ಇದೆ, ಶಾಖಕ್ಕೆ ಆ ಕಡೆ ಹೂವು ಬೇಗ ಒಣಗಿ ಬೀಳಬಹುದು, ದೀಪವನ್ನ ನಡುವೆ ಇಡಿ ಅಂದರು. ದೀಪ ಕದಲಿಸುವ ಹಾಗಿಲ್ಲ ಅಂದರು ಪೂಜಾರಿ. ಇವರು ಮತ್ತೊಂದು ಸಲ ದೀಪದ ಕಡೆ ನೋಡಿ, ಗಂಟಲು ಸರಿಮಾಡಿಕೊಂಡು, "ಹಾಗಾದರೆ ಬಲಗಡೆ ಅಂದರೆ ಕರೆಂಟು, ಎಡಗಡೆ ಅಂದರೆ ಪೆಟ್ರೋಲು," ಅಂದರು.

ನಾನು ಅವರ ಮುಖ ನೋಡಿದೆ. ಕಪ್ಪು ಕನ್ನಡಕದಲ್ಲಿ ಏನೂ ಕಾಣಲಿಲ್ಲ.

ಪಂಚೆ ಎತ್ತಿ ಕಟ್ಟಿಕೊಂಡು ಅವರು ಅಮ್ಮನ ಮುಂದೆ ಕೂರಲು ಹೋದಾಗ ಪೂಜಾರಿ ತಡೆದರು. "ಗಾಡಿ ಓಡ್ಸೋರು ಯಾರು?"

"ನಾನೇ."

"ಈಗ್ಬಂದಾಗ ಓಡ್ಸೋ ಕಡೆ ಬಾಗ್ಲಿಂದ ಇಳ್ದಿದ್ದು ಅವ್ವಾರು ಅಲ್ವಾ?"

"ಇವತ್ತು ಒಂದಿನ ಅಷ್ಟೇ," ಅಂದರು ಇವರು.

"ಕೇಳೋದೂ ಇವತ್ತೇ ಅಲ್ವಾ ಸಾ. ಮದ್ವೆ ಇಚಾರಕ್ಕೆ ಮದ್ವೆ ಆಗೋರ್ನ ಕೂರ್ಸದು, ಬೋರಿನ ಇಚಾರಕ್ಕೆ ಗೇಯೋರ್ನ ಕೂರ್ಸದು. ಗಾಡಿ ಇಚಾರಕ್ಕೆ ಓಡ್ಸೋರೇ ಕೂರ್ಬೇಕು. ಬನ್ನಿ ಅವ್ವ."

ಇವರು ಅತ್ತೆಯ ಕಡೆ ನೋಡಿದರು. ಅತ್ತೆ ಕಂಬಕ್ಕೆ ಒರಗಿ ಆಗಲೇ ಕೈ ಮುಗಿದಿದ್ದರು. ನಾನು ಸೆರಗು ಹೊದ್ದುಕೊಂಡು ಹೋಗಿ ಕೂತೆ. ಎಡಮಂಡಿ ಮಡಚುವಾಗ ಕಟಕ್ ಅಂದಿತು. ಪೂಜಾರಿ ಎರಡು ಕೆಂಪು ಕಣಗಲೆಯನ್ನು ನೀರಿನಲ್ಲಿ ಅದ್ದಿ ಒಂದೊಂದು ಭುಜಕ್ಕೆ ಅಂಟಿಸಿ, ಕೇಳ್ಕೊಳ್ಳಿ ಅಂದರು.

ದೇವರಾಣೆಗೂ ಕರೆಂಟೋ ಪೆಟ್ರೋಲೋ ಅಂತಲೇ ಕೇಳಬೇಕು ಅಂತ ಕಣ್ಣು ಮುಚ್ಚಿದೆ. ಆದರೆ ನನಗೆ ಚಿಕ್ಕಂದಿನಿಂದಲೂ ಯಾವ ದೇವರ ಮುಂದೆ ಕೂತರೂ ಇರುವ ಚಿಂತೆ ಬಿಟ್ಟು ಇಲ್ಲದ್ದು ಕೇಳಲು ಬಂದಿಲ್ಲ. ಬಾಯಿ ಮುಚ್ಚಿಕೊಂಡು ಒಳಗೇ ಅಂದುಬಿಟ್ಟೆ: ಯಾವ ಗಾಡಿಯಾದರೂ ಬರಲಿ ತಾಯಿ, ಬಾರದೆ ಇದ್ದರೂ ಇರಲಿ. ಕೀಲಿ ನನ್ನ ಕೈಯಲ್ಲಿ ಇರುತ್ತಾ? ಗುರುವಾರ ನನಗೆ ಉಳಿಯುತ್ತಾ? ಉಳಿಯುವುದಾದರೆ ಬಲಗಡೆ ಕೊಡು.

ಅಂದ ಮೇಲೆ ಗಾಬರಿಯಾಯಿತು. ಇಡೀ ಮನೆಯ ಪ್ರಶ್ನೆಯ ಜಾಗದಲ್ಲಿ ನನ್ನ ಪ್ರಶ್ನೆ ಇಟ್ಟುಬಿಟ್ಟಿದ್ದೆ. ತಿದ್ದಿ ಇನ್ನೊಂದು ಸಲ ಕೇಳೋಣ ಅಂದರೆ, ಒಂದು ಸಲ ಕೂತದ್ದಕ್ಕೆ ಒಂದೇ ಪ್ರಶ್ನೆ. ಕಣ್ಣು ಬಿಟ್ಟು ನೋಡುತ್ತಾ ಕೂತೆ. ಎರಡೂ ಹೂವು ಅಂಟಿಸಿದ ಹಾಗೇ ಇದ್ದವು. ಹಿಂದೆ ಇವರು ಕೆಮ್ಮಿದರು. ಅತ್ತೆ ಸಣ್ಣಗೆ ಅಮ್ಮನನ್ನು ಬೈಯಲು ಶುರುಮಾಡಿದರು, ಎಷ್ಟೊತ್ತು ಕಾಯ್ಸೀಯೆ ತಾಯಿ, ನನ್ನ ಸೊಂಟ ನಿನ್ನಂಗೆ ಕಲ್ಲಿಂದಾ ಅಂತ. ಆಗ ಬಲಭುಜದ ಹೂವು ಒಂದಿಷ್ಟು ಜಾರಿತು, ತಡೆಯಿತು, ಬಿತ್ತು.

"ಬಲಕ್ಕೇ ಕೊಟ್ಲು," ಅಂದರು ಪೂಜಾರಿ.

"ಕರೆಂಟು," ಅಂದರು ನಮ್ಮ ಮನೆಯವರು.

ನಾನು ಹೂವನ್ನು ಕಣ್ಣಿಗೊತ್ತಿಕೊಂಡು ಮುಡಿದುಕೊಂಡೆ, ಮಾತಾಡಲಿಲ್ಲ. ಮಾತಾಡುವ ಹಾಗೂ ಇರಲಿಲ್ಲ, ನೆರವೇರುವ ತನಕ ಬಾಯಿ ಬಿಡಬಾರದಲ್ಲ. ಬರುವಾಗ ದಾರಿಯುದ್ದಕ್ಕೂ ನನ್ನೊಳಗೇ ವಾದ. ದೀಪದ ಶಾಖಕ್ಕೆ ಬಿತ್ತೋ, ಅಮ್ಮ ಕೊಟ್ಟಳೋ? ಕೊನೆಗೆ ರಾಮನಾಥಪುರದ ಕಡೆಯ ಗಾಳಿ ಬೀಸುವಾಗ ಒಂದು ಸಮಾಧಾನ ಹೊಳೆಯಿತು. ಆ ದೀಪವೂ ಅವಳಿಗೇ ಹಚ್ಚಿದ್ದಲ್ಲವೇ. ಅವಳು ಕೈಯಲ್ಲಿ ಕೊಟ್ಟರೇನು, ದೀಪದಲ್ಲಿ ಕೊಟ್ಟರೇನು.

ಎರಡು ತಿಂಗಳಲ್ಲಿ ಕರೆಂಟು ಕಾರು ಬಂತು. ಬಿಳಿ ಬಣ್ಣ. ಷೋರೂಮಿನ ಹುಡುಗಿ ಕೇಳಿದ್ದಕ್ಕೆ ನಾನು ಹೇಳಿದ್ದು ನೀಲಿ. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಅತ್ತೆ ದೃಷ್ಟಿ ಇಳಿದೆಗೆದು, ಪೂಜೆ ಮಾಡಿದೆವು. ಹಳೆಯದನ್ನು ಒಬ್ಬರು ಬಂದು ಓಡಿಸಿಕೊಂಡು ಹೋದರು. ಹೋಗುವಾಗ ಅದರ ಎಡಗಡೆಯ ಗೀರುಗಳೆಲ್ಲ ಬಿಸಿಲಿಗೆ ಹೊಳೆದವು, ಒಂದೊಂದನ್ನೂ ಯಾವಾಗ ಆದದ್ದು ಅಂತ ನಾನು ಹೇಳಬಲ್ಲೆ. ಹೊಸ ಕೀಲಿ ಇವರ ಷರ್ಟಿನ ಜೇಬು ಸೇರಿತು. ಸ್ನಾನಕ್ಕೆ ಹೋಗುವಾಗ ಷರ್ಟನ್ನೂ ಬಚ್ಚಲಿಗೆ ತೆಗೆದುಕೊಂಡು ಹೋಗುತ್ತಿದ್ದರು.

ಮೊದಲ ಗುರುವಾರ ನಾನು ಬಸ್ಸಿನಲ್ಲಿ ಹೋದೆ. ಎರಡನೆಯದೂ ಹಾಗೇ. ಅಕ್ಕನನ್ನು ಆಟೋ ಹತ್ತಿಸಲು ನಾನು, ಆಟೋದವನು, ಪಕ್ಕದ ಮನೆಯಾಕೆ ಮೂವರೂ ಬೇಕಾಯಿತು. ಮೂರನೇ ಗುರುವಾರ ಹತ್ತಿಸುವಾಗ ಅವಳ ಸೀರೆಯ ನೆರಿಗೆ ಬಿಚ್ಚಿಹೋಯಿತು, ಬೀದಿಯಲ್ಲಿ, ಗಂಡಸರ ಮುಂದೆ. ಅಕ್ಕ ಒಂದೇ ಕೈಯಲ್ಲಿ ನೆರಿಗೆ ಬಾಚಿ ಹಿಡಿದುಕೊಂಡಳು. ವ್ಯಾಯಾಮ ಮುಗಿಸಿ ಮನೆಗೆ ಬಂದು ಮಂಚದ ಮೇಲೆ ಕೂರಿಸಿದ ಮೇಲೆ, ಸೊಟ್ಟಾದ ಬಾಯಲ್ಲಿ ನಿಧಾನವಾಗಿ ಅಂದಳು, "ಮುಂದಿನ್ವಾರದಿಂದ ಬರಬ್ಯಾಡ ಕಣೆ. ನಾನು ಇಲ್ಲೇ ಕಾಲಾಡಿಸ್ಕತೀನಿ."

ಬಸ್ಸಿನಲ್ಲಿ ಬರುವಾಗ ನಾನು ಅಮ್ಮನ ಜೊತೆ ಜಗಳವಾಡಿದೆ. ಬಲಗಡೆ ಕೊಟ್ಟೆಯಲ್ಲ, ಎಲ್ಲಿ ಕೀಲಿ? ನಿನಗೂ ಇವರು ಹೇಳಿದ್ದೇ ಕೇಳಿಸಿತಾ? ಆ ದಿನ ಸಂಜೆ ದೀಪ ಹಚ್ಚುವಾಗ, ದಿನಾ ನೆನೆಯುವ ಹಾಗೆ ದೇವರ ಉಪಕಾರ ನೆನೆಯಲು ಒಂದೂ ಸಿಗಲಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕಿದ್ದನ್ನೇ ನೆನೆದು ಎದ್ದೆ.

ಇತ್ತ ಹೊಸ ಕಾರು ಇವರ ನೆಮ್ಮದಿ ತೆಗೆದಿತ್ತು. ಅದರಲ್ಲಿ ಎಷ್ಟು ಕರೆಂಟು ಉಳಿದಿದೆ ಅಂತ ಪರ್ಸೆಂಟಿನಲ್ಲಿ ತೋರಿಸುತ್ತದೆ. ಅದನ್ನು ಇವರು ಜ್ವರ ನೋಡುವಂತೆ ನೋಡುತ್ತಿದ್ದರು. ಅರಕಲಗೂಡಿನಲ್ಲಿ ಬೀಗರ ಔತಣಕ್ಕೆ ಹೋದಾಗ ಕರೆಂಟು ಉಳಿಯಲಿ ಅಂತ ಏಸಿ ಹಾಕಲಿಲ್ಲ, ಗಾಳಿಗೆ ಎದುರು ಆಗುತ್ತೆ ಅಂತ ಕಿಟಕಿಯನ್ನೂ ಇಳಿಸಲು ಬಿಡಲಿಲ್ಲ. ನಾವು ಮೂವರೂ ಇಡ್ಲಿ ಬೆಂದ ಹಾಗೆ ಬೆಂದು ಇಳಿದೆವು. ಪಂಕ್ತಿಯಲ್ಲಿ ಬಲಗೈಯಲ್ಲಿ ಮುದ್ದೆ ಮುರಿಯುತ್ತಾ ಎಡಗೈಯಲ್ಲಿ ಫೋನು ಹಿಡಿದು ಪರ್ಸೆಂಟು ನೋಡಿಕೊಂಡರು. ಪಕ್ಕದಲ್ಲಿ ಕೂತಿದ್ದ ಬೀಗರು, ಯಾರನ್ನಾದರೂ ಆಸ್ಪತ್ರೆಗೆ ಸೇರಿಸಿದ್ದೀರಾ ಅಂತ ವಿಚಾರಿಸಿದರು. ಮನೆಗೆ ಬಂದಾಗ ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು.

ಚಾರ್ಜು ಮಾಡುವುದು ಇನ್ನೊಂದು ರಾಮಾಯಣ. ಗೋಡೆಗೆ ದೊಡ್ಡ ಚಾರ್ಜರು ಕೂರಿಸಲು ಮೀಟರಿನ ಲೋಡು ಹೆಚ್ಚಿಸಬೇಕು, ಅರ್ಜಿ ಹಾಕಿದ್ದೆವು. ಅಲ್ಲಿಯವರೆಗೆ ಅಡುಗೆಮನೆಯ ಪಕ್ಕದ ವಾಷಿಂಗ್ ಮೆಷಿನ್ನಿನ ಪ್ಲಗ್ಗೇ ಗತಿ. ಬಟ್ಟೆ ಒಗೆಯುವಾಗ ಕಾರಿಗಿಲ್ಲ, ಕಾರಿಗೆ ಹಾಕಿದರೆ ಬಟ್ಟೆಗಿಲ್ಲ. ನಮ್ಮ ಬೀದಿಯಲ್ಲಿ ಕರೆಂಟು ಯಾವ ಹೊತ್ತಿಗೆ ಹೋಗುತ್ತೆ, ಯಾವ ಹೊತ್ತಿಗೆ ಮಂಕಾಗಿ ಬರುತ್ತೆ ಅನ್ನುವುದು ಇಡ್ಲಿಗೆ ರುಬ್ಬುವವರಿಗೆ ಗೊತ್ತಿರುತ್ತದೆ, ವಿಜ್ಞಾನ ಕಲಿಸಿದವರಿಗಲ್ಲ. ಅತ್ತೆ ಮಾತ್ರ ಹೊಸ ಕಾರಿಗೆ ಬೇಗ ಹೊಂದಿಕೊಂಡರು. ದಿನಾ ಬೆಳಗ್ಗೆ ನಾನು ಕಾಫಿ ಕೊಡುವಾಗ ಕೇಳುತ್ತಿದ್ದರು, "ಗಾಡಿಗೆ ಉಣ್ಣಾಕಿಕ್ಕಿದ್ನಾ ಅವನು?"

ಒಂದು ದಿನ ಇಕ್ಕಿರಲಿಲ್ಲ. ಚನ್ನರಾಯಪಟ್ಟಣದಲ್ಲಿ ನಾದಿನಿ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಇವರು ಹಿಂದಿನ ದಿನ ವೈರು ಚುಚ್ಚಿದ್ದರು, ಸ್ವಿಚ್ಚು ಹಾಕಿರಲಿಲ್ಲ. ಬೆಳಗ್ಗೆ ಪಂಚೆ ಶಲ್ಯ ಹಾಕಿಕೊಂಡು ಕಾರಿನಲ್ಲಿ ಕೂತರೆ ಒಂಬತ್ತು ಪರ್ಸೆಂಟು. ಬಸ್ಸಿನಲ್ಲಿ ಹೋದೆವು, ನನಗೂ ಅತ್ತೆಗೂ ಫ್ರೀ, ಇವರೊಬ್ಬರಿಗೆ ಟಿಕೆಟ್ಟು. ಅಣ್ಣ ಬಾಗಿಲಲ್ಲೇ ನಿಂತಿದ್ದರು. "ಹೈಬ್ರಿಡ್ಡು ತಗೊಂಡಿದ್ದಿದ್ರೆ ಬಸ್ಸಲ್ಲಿ ಬರೋ ಅಂಗಿರ್ಲಿಲ್ಲ ಭಾವ," ಅಂದರು. ಇವರು ಸಪಾದಭಕ್ಷ್ಯವನ್ನೂ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ.

ಮನೆಗೆ ಬಂದು ಕುರ್ಚಿಯಲ್ಲಿ ಕೂತು ಅಂದರು, "ಇನ್ನು ಮೇಲೆ ಚಾರ್ಜಿಂದು ನೀನೇ ನೋಡ್ಕೊ. ಮನೇಲೇ ಇರ್ತೀಯಲ್ಲ."

ಮನೇಲೇ ಇರ್ತೀಯಲ್ಲ. ಈ ಮಾತಿನ ಮೇಲೆ ಮೂವತ್ತು ವರ್ಷ ಹಾಲು ಹಾಕಿಸಿಕೊಂಡಿದ್ದೇನೆ, ಗ್ಯಾಸಿನವನಿಗೆ ಕಾದಿದ್ದೇನೆ, ಅವರ ಸ್ಕೂಲಿನ ಪೇಪರ್ ಕಟ್ಟುಗಳಿಗೆ ದಾರ ಹೊಲಿದಿದ್ದೇನೆ. ಆ ಮಾತು ಕೇಳಿ ಸಂತೋಷವಾದದ್ದು ಅದೇ ಮೊದಲು.

"ಚಾರ್ಜು ಹಾಕೋ ಮುಚ್ಚಳ ತೆಗೆಯೋಕೆ ಕೀಲಿ ಬೇಕಲ್ಲ," ಅಂದೆ.

ಅವರು ಜೇಬಿಗೆ ಕೈ ಹಾಕಿ, ತೆಗೆದು, ಟೀಪಾಯಿ ಮೇಲೆ ಇಟ್ಟರು. ನಾನು ಅದನ್ನು ತೆಗೆದುಕೊಂಡು ಹೋಗಿ ಸೌಟು ನೇತುಹಾಕುವ ಮೊಳೆಗಳಲ್ಲಿ ಕೊನೆಯದಕ್ಕೆ ತಗುಲಿಸಿದೆ. ಅಡುಗೆಮನೆಗೆ ಸೇರಿದ ಯಾವ ವಸ್ತುವನ್ನೂ ನಮ್ಮ ಮನೆಯ ಗಂಡಸರು ಹುಡುಕಿಕೊಂಡು ಬಂದದ್ದಿಲ್ಲ.

ಆ ವಾರ ಬುಧವಾರ ಬಟ್ಟೆ ಒಗೆಯಲಿಲ್ಲ. ಗುರುವಾರ ಬೆಳಗ್ಗೆ ದೀಪ ಹಚ್ಚಿ, ಡಬ್ಬಿ ತುಂಬಿಸಿ, ಮೊಳೆಯಿಂದ ಕೀಲಿ ತೆಗೆದುಕೊಂಡು ಹೊರಟೆ. ಇವರು ಜಗಲಿಯಲ್ಲಿ ಪೇಪರು ಓದುತ್ತಿದ್ದರು. ನಾನು ಮುಂದಿನ ಬಾಗಿಲು ತೆಗೆದು ಕೂತದ್ದನ್ನು ನೋಡಿ ಪೇಪರು ಕೆಳಗಿಳಿಸಿದರು. ಕಂಬದ ಕಡೆ ನೋಡಿದರು. ಎದ್ದು ಬಂದು ಕಂಬಕ್ಕೂ ಕಾರಿಗೂ ನಡುವೆ ತಾವೇ ನಿಂತುಕೊಂಡರು, ಉಜ್ಜುವುದಾದರೆ ನನಗೆ ಉಜ್ಜು ಅನ್ನುವ ಹಾಗೆ.

"ಎಷ್ಟಿದೆ?"

"ತೊಂಬತ್ತಾರು."

ಅಷ್ಟು ಕರೆಂಟನ್ನು ಆ ಕಾರಿನಲ್ಲಿ ಅವರು ನೋಡಿಯೇ ಇರಲಿಲ್ಲ. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಒಳಗಿನಿಂದ ಅತ್ತೆ, ಅವಳು ಓಗ್ಲಿ ಬುಡ್ಲಾ, ಗಾಡಿ ಉಂಡೈತೆ ಅಂದರು. ಇವರು ಹೊಟ್ಟೆ ಒಳಗೆಳೆದುಕೊಂಡು ದಾರಿ ಬಿಟ್ಟರು. ಕಂಬಕ್ಕೆ ಆ ದಿನ ಬಣ್ಣ ಹತ್ತಲಿಲ್ಲ.

ಹೊಳೆನರಸೀಪುರದವರೆಗೆ ಎಡ ಮಂಡಿಗೆ ಕೆಲಸವೇ ಇರಲಿಲ್ಲ. ಅಕ್ಕನ ಬಾಗಿಲಿಗೇ ಕಾರು ಒತ್ತಿ ನಿಲ್ಲಿಸಿದೆ. ಅವಳು ಕೋಲು ಊರಿ, ನನ್ನ ಹೆಗಲು ಹಿಡಿದು, ನೆರಿಗೆ ಬಿಚ್ಚದೆ ಹತ್ತಿ ಕೂತಳು. ಸದ್ದೇ ಇಲ್ಲವಲ್ಲ, ಸ್ಟಾರ್ಟ್ ಮಾಡಿದ್ಯೇನೆ ಅಂತ ಅರ್ಧ ಬೀದಿ ದಾಟಿದ ಮೇಲೆ ಕೇಳಿದಳು. ವ್ಯಾಯಾಮ ಆಯಿತು, ನರಸಿಂಹಸ್ವಾಮಿಗೆ ಒಂದು ಕೈಯ ನಮಸ್ಕಾರ ಆಯಿತು. ಹೊಳೆ ಕಾಣುವ ಕಡೆ ನಿಲ್ಲಿಸಿ ಡಬ್ಬಿ ಬಿಚ್ಚಿದೆ. ನೆರವೇರಿದ ಮೇಲೆ ಬಾಯಿ ಬಿಡಬಹುದಲ್ಲ, ಅಕ್ಕನಿಗೆ ಎಲ್ಲ ಹೇಳಿದೆ. ದೀಪ ನೋಡಿ ಬಲಗಡೆ ಅಂದ ಇವರ ಮಾತನ್ನೂ ಹೇಳಿದೆ, ಕೀಲಿ ಕೇಳಿದ ನನ್ನ ಮಾತನ್ನೂ ಹೇಳಿದೆ. ಇವರು ಈಗ ಸಿಕ್ಕಿದವರಿಗೆಲ್ಲ ನೋಟ್‌ಬುಕ್ಕು ತೋರಿಸಿ, ಲೆಕ್ಕ ಹಾಕಿಯೇ ತೆಗೆದುಕೊಂಡೆ ಅನ್ನುತ್ತಿರುವುದನ್ನೂ ಹೇಳಿದೆ.

ಅಕ್ಕ ಮುಖದ ಬಲಭಾಗದಲ್ಲಿ ನಕ್ಕಳು. ಬಾಯಲ್ಲಿದ್ದ ಉಪ್ಪಿಟ್ಟು ನುಂಗಿ, ಸ್ವಲ್ಪ ಯೋಚಿಸಿ ಕೇಳಿದಳು, "ಅಂಗಾದ್ರೆ ಯಾವ ಗಾಡಿ ಬಂತು ಅಂತ ಆ ತಾಯಿಗೆ ಇನ್ನೂ ಗೊತ್ತಿಲ್ವೇನೆ?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

"ಓಗಿ ಹೇಳಿ ಬರಬೇಕಲ್ವಾ," ಅಂದಳು ಅಕ್ಕ. "ನಾನೂ ಬತ್ತೀನಿ. ಕೊಣನೂರು ಕಡೆ ಓಗಿ ಎಷ್ಟು ವರ್ಷ ಆಯ್ತು."

ನಾನು ಪರ್ಸೆಂಟು ನೋಡಿದೆ. ಮುಂದಿನ ಗುರುವಾರಕ್ಕೆ ತುಂಬಿಸಿಕೊಂಡರೆ ಹೋಗಿ ಬರುವಷ್ಟು ಆಗುತ್ತೆ. ಆ ಬುಧವಾರವೂ ಬಟ್ಟೆ ಒಗೆಯುವುದು ಬೇಡ ಅಂದುಕೊಂಡೆ.